ದಿಕ್ಕಿಲ್ಲದ ಪ್ರಾಣಿಗೂ ಒಬ್ಬ ಡಾಕ್ಟರು

ದಾಮರಗಿದ್ದ, ನಾರಾಯಣಪೇಟೆ, ಮಕ್ತಲ್ ಕಡೆಯ ನಮಗೆ ದನಗಳ ಡಾಕ್ಟರು ಹೊಸಬರಲ್ಲ. ಎತ್ತು ಮೇವು ಬಿಟ್ಟರೆ ಡಾಕ್ಟರನ್ನು ಕರೀತೀವಿ. ಕುರಿಗೆ ಲಸಿಕೆ ಹಾಕಿಸ್ತೀವಿ. ಎಮ್ಮೆ ಈಯಲು ಕಷ್ಟಪಟ್ಟರೆ ರಾತ್ರಿಯಾದರೂ ಓಡಿ ಹೋಗ್ತೀವಿ. ಯಾಕೆ? ಆ ಪ್ರಾಣಿ ನಮ್ಮದು. ಅದರಿಂದ ನಮ್ಮ ಹೊಟ್ಟೆ ತುಂಬುತ್ತೆ.

ಬಸ್ ಸ್ಟ್ಯಾಂಡಿನ ನಾಯಿಗೆ ಲಾರಿ ಬಡಿದು ಕಾಲು ಮುರೀತು ಅಂತ ಇಟ್ಟುಕೊಳ್ಳಿ. ಅದಕ್ಕೆ ಯಾರು ದಿಕ್ಕು? ಅದಕ್ಕೆ ಮಾಲೀಕರಿಲ್ಲ. ದುಡ್ಡು ಕೊಡುವವರಿಲ್ಲ. ಇಂಥ ಪ್ರಾಣಿಗಳಿಗಾಗಿಯೇ ಕೆಲವು ಊರುಗಳಲ್ಲಿ ಪ್ರಾಣಿಗಳ ಆಶ್ರಯಧಾಮಗಳಿವೆ. ಅಲ್ಲಿ ಡಾಕ್ಟರು ಇರ್ತಾರೆ. ಅವರ ಕೆಲಸ ಏನು? ಅದರಿಂದ ನಮಗೇನು ಲಾಭ? ಬನ್ನಿ, ತಿಳಿಯೋಣ.

ಆಶ್ರಯಧಾಮ ಅಂದರೆ ಏನು?

ಇದು ಲಾಭದ ಅಂಗಡಿ ಅಲ್ಲ. ಜನ ಕೊಟ್ಟ ದಾನದ ಹಣವೇ ಇದಕ್ಕೆ ಮುಖ್ಯ ಆಧಾರ. ಗಾಯವಾದ, ರೋಗ ಬಂದ, ಬೀದಿಗೆ ಬಿಟ್ಟ ಪ್ರಾಣಿಗಳನ್ನು ಇಲ್ಲಿ ನೋಡಿಕೊಳ್ತಾರೆ.

ನಮ್ಮ ಕಡೆಯ ಜನ ಕೂಲಿಗೆ ಹೈದರಾಬಾದಿಗೂ ಹೋಗ್ತಾರೆ, ಬೆಂಗಳೂರಿಗೂ ಹೋಗ್ತಾರೆ. ಎರಡೂ ಕಡೆ ಇಂಥ ಸಂಸ್ಥೆಗಳಿವೆ. ಬೆಂಗಳೂರಿನಲ್ಲಿ 'ಕ್ಯೂಪಾ' ಎಂಬ ಸಂಸ್ಥೆ 1991ರಲ್ಲಿ ಶುರುವಾಯಿತು. ಅದನ್ನು ಕಟ್ಟಿದವರು ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲೆಂಡಿನ ಮುದುಕಿ. ಅವರು ದೆಹಲಿಯಲ್ಲಿ, ಜೈಪುರದಲ್ಲಿ ಇದೇ ಕೆಲಸ ಮಾಡಿ ಬಂದವರು. ಹೈದರಾಬಾದಿನಲ್ಲಿ 'ಬ್ಲೂ ಕ್ರಾಸ್' 1992ರಲ್ಲಿ ಹುಟ್ಟಿತು. ಅದನ್ನು ಶುರು ಮಾಡಿದವರು ಸಿನಿಮಾ ನಟಿ ಅಮಲಾ ಅಕ್ಕಿನೇನಿ.

ಡಾಕ್ಟರು ಆಗೋದು ಹೇಗೆ?

ಪಶು ಡಾಕ್ಟರಾಗಲು ಹನ್ನೆರಡನೇ ತರಗತಿಯಲ್ಲಿ ವಿಜ್ಞಾನ ಓದಬೇಕು. ಆಮೇಲೆ ಐದೂವರೆ ವರ್ಷದ ಓದು. ಅದರಲ್ಲಿ ಕೊನೆಯ ಒಂದು ವರ್ಷ ಕೈಯಾರೆ ಕೆಲಸ ಕಲೀಬೇಕು. ನಮಗೆ ಹತ್ತಿರ ಬೀದರಿನಲ್ಲಿ ಪಶು ವೈದ್ಯ ಕಾಲೇಜು ಇದೆ. ಹೈದರಾಬಾದಿನ ರಾಜೇಂದ್ರನಗರದಲ್ಲೂ ಇದೆ. ಹೆಣ್ಣುಮಕ್ಕಳೂ ಈ ಓದು ಓದ್ತಾರೆ. ನಿಮ್ಮ ಮಗಳಿಗೆ ಪ್ರಾಣಿ ಕಂಡರೆ ಪ್ರೀತಿಯೇ? ಈ ಮಾತು ಅವಳಿಗೆ ಹೇಳಿ.

ದಿನದ ಕೆಲಸ

ಬೆಳಿಗ್ಗೆ ಡಾಕ್ಟರು ಮೊದಲು ಗೂಡುಗಳನ್ನು ಸುತ್ತಿ ಬರ್ತಾರೆ. ಯಾವುದು ತಿಂದಿದೆ? ಯಾವುದು ತಿಂದಿಲ್ಲ? ಸಗಣಿ, ಮಲ ಹೇಗಿದೆ? ಪ್ರಾಣಿಗೆ ಬಾಯಿ ಬಿಟ್ಟು ಹೇಳಲು ಬರಲ್ಲ. ಆದ್ದರಿಂದ ಡಾಕ್ಟರು ಕಣ್ಣಿನಿಂದ, ಕೈಯಿಂದ ಕೇಳಬೇಕು.

ಆಮೇಲೆ ಹೊಸದಾಗಿ ಬಂದ ಪ್ರಾಣಿಗಳ ಸರದಿ. ಇಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕ ಇಲ್ಲ. ರಕ್ತ ಸುರೀತಿದ್ದರೆ, ಉಸಿರು ಕಟ್ಟಿದ್ದರೆ ಅದು ಮೊದಲು. ಕಜ್ಜಿ ಬಂದ ನಾಯಿ ಸ್ವಲ್ಪ ಹೊತ್ತು ಕಾಯಬಹುದು.

ಬರುವ ರೋಗ ಒಂದೆರಡಲ್ಲ. ಗಾಯದಲ್ಲಿ ಹುಳ ಬಿದ್ದ ನಾಯಿ ಬರುತ್ತೆ. ಹುಳಗಳನ್ನು ಒಂದೊಂದಾಗಿ ಚಿಮಟದಿಂದ ತೆಗೀತಾರೆ. ಮರಿಗಳಿಗೆ ಪಾರ್ವೋ ಎಂಬ ರೋಗ ಬರುತ್ತೆ. ವಾಂತಿ, ರಕ್ತದ ಭೇದಿ ಆಗಿ ಮೈಯಲ್ಲಿನ ನೀರೆಲ್ಲ ಹೋಗುತ್ತೆ. ಅದಕ್ಕೆ ಸಲೈನು ಹಾಕ್ತಾರೆ. ಬೀದಿ ಹಸು ಹೊಟ್ಟೆ ಉಬ್ಬಿ ಬರುತ್ತೆ. ಹೊಟ್ಟೆ ಕೊಯ್ದು ನೋಡಿದರೆ ಒಳಗೆ ಪ್ಲಾಸ್ಟಿಕ್ ಚೀಲಗಳ ಗಂಟು! ನಾವು ಅನ್ನ ಕಟ್ಟಿ ಬಿಸಾಡಿದ ಚೀಲಗಳೇ ಅವು.

ಕಷ್ಟದ ತೀರ್ಮಾನ

ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ ಯಾವುದು ಗೊತ್ತೇ? ಕೊಯ್ಯೋದು, ಹೊಲಿಯೋದು ಅಲ್ಲ. ತೀರ್ಮಾನ ಮಾಡೋದು.

ನಲವತ್ತು ನಾಯಿಗೆ ಜಾಗ ಇದೆ, ಐವತ್ತು ಬಂದವು ಅನ್ನಿ. ಎಲ್ಲವನ್ನೂ ಒಳಗೆ ತುಂಬಿದರೆ ಏನಾಗುತ್ತೆ? ಒಂದರ ರೋಗ ಇನ್ನೊಂದಕ್ಕೆ ಹತ್ತುತ್ತೆ. ಕಾಲು ಮುರಿದು ಬಂದ ನಾಯಿ ಪಾರ್ವೋದಿಂದ ಸಾಯುತ್ತೆ. ಆದ್ದರಿಂದ ಒಮ್ಮೊಮ್ಮೆ 'ಇವತ್ತು ಜಾಗ ಇಲ್ಲ' ಅನ್ನಬೇಕಾಗುತ್ತೆ. ಜನ ಬೈತಾರೆ. ಬೈಸಿಕೊಳ್ಳಬೇಕು. ಸಣ್ಣ ಗಾಯವಾದರೆ ಅಲ್ಲೇ ಮದ್ದು ಹಾಕಿ, ತಂದವರ ಕೈಯಲ್ಲೇ ಕಳಿಸ್ತಾರೆ.

ಇನ್ನೊಂದು ಇದೆ. ಬೆನ್ನು ಮುರಿದು ನರಳುವ ಪ್ರಾಣಿ ಯಾವ ಔಷಧಕ್ಕೂ ಬದುಕೋದಿಲ್ಲ ಅಂತ ಖಾತ್ರಿಯಾದಾಗ, ನೋವಿಲ್ಲದೆ ಸಾಯುವಂತೆ ಸೂಜಿ ಹಾಕ್ತಾರೆ. ಇದಕ್ಕೆ ದಯಾಮರಣ ಅಂತಾರೆ. ಕಾನೂನು ಇದಕ್ಕೆ ಒಪ್ಪಿದೆ. ಆದರೆ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಜೀವ ಉಳಿಸಲು ಕಲಿತ ಕೈಯೇ ಈ ಕೆಲಸವನ್ನೂ ಮಾಡಬೇಕು. ಅದೇ ಡಾಕ್ಟರು ಕೈ ತೊಳೆದುಕೊಂಡು ಮುಂದಿನ ಮರಿಯನ್ನು ನೋಡಬೇಕು.

ನಾಯಿಗೆ ಲಸಿಕೆ, ನಮಗೆ ರಕ್ಷಣೆ

'ಮನುಷ್ಯರಿಗೇ ದವಾಖಾನೆ ಸಾಲದು, ನಾಯಿಗೆ ಯಾಕೆ?' ಅಂತ ನೀವು ಕೇಳಬಹುದು. ಕೇಳಬೇಕಾದ ಮಾತೇ. ಉತ್ತರ ಹುಚ್ಚುನಾಯಿ ರೋಗದಲ್ಲಿದೆ. ಇದಕ್ಕೆ ರೇಬೀಸ್ ಅಂತಾರೆ. ರೋಗದ ಲಕ್ಷಣ ಕಾಣಿಸಿದ ಮೇಲೆ ಮನುಷ್ಯ ಬದುಕುವುದಿಲ್ಲ ಅಂತಲೇ ಹೇಳಬೇಕು. ನಾಯಿ ಕಡಿತಕ್ಕೆ ಸಿಗುವವರಲ್ಲಿ ಮಕ್ಕಳು ಬಹಳ. ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಹಾಕಿದರೆ ಈ ರೋಗ ಹರಡೋದು ನಿಲ್ಲುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂದರೆ ನಾಯಿಗೆ ಹಾಕಿದ ಸೂಜಿ ನಮ್ಮ ಮಗುವನ್ನೂ ಕಾಯುತ್ತೆ.

ಡಾಕ್ಟರು ಇನ್ನೊಂದು ಕೆಲಸ ಮಾಡ್ತಾರೆ. ನಾಯಿಗಳಿಗೆ ಸಂತಾನ ತಡೆಯ ಆಪರೇಷನ್. ಹೆಣ್ಣು ನಾಯಿ ಸುಮಾರು ಎರಡು ತಿಂಗಳಲ್ಲಿ ಮರಿ ಹಾಕುತ್ತೆ. ಒಂದೇ ಸಲಕ್ಕೆ ಐದಾರು ಮರಿ ಹುಟ್ಟಬಹುದು. ಹಿಂದೆ ನಾಯಿಗಳನ್ನು ಕೊಲ್ತಿದ್ದರು. ಆದರೂ ಸಂಖ್ಯೆ ಇಳೀಲಿಲ್ಲ. ಯಾಕೆ? ಬೀದಿಯಲ್ಲಿ ಕೂಳು ಇರೋ ತನಕ, ಖಾಲಿ ಜಾಗಕ್ಕೆ ಬೇರೆ ನಾಯಿ ಬರುತ್ತೆ. ಅದಕ್ಕೇ 2001ರಲ್ಲಿ ಸರ್ಕಾರ ನಿಯಮ ಮಾಡಿತು. 2023ರಲ್ಲಿ ಹೊಸ ನಿಯಮ ಬಂತು. ನಾಯಿ ಹಿಡಿದು, ಆಪರೇಷನ್ ಮಾಡಿ, ಲಸಿಕೆ ಹಾಕಿ, ಗಾಯ ಮಾಯ್ದ ಮೇಲೆ ಅದೇ ಜಾಗದಲ್ಲಿ ಬಿಡಬೇಕು. ಶಾಲೆ, ದವಾಖಾನೆ, ಬಸ್ ಸ್ಟ್ಯಾಂಡಿನಲ್ಲಿ ಹಿಡಿದ ನಾಯಿಯನ್ನು ಮಾತ್ರ ಮತ್ತೆ ಅಲ್ಲಿ ಬಿಡಬಾರದು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಕಿವಿಯ ತುದಿ ಕತ್ತರಿಸಿದ ನಾಯಿ ನೋಡಿದ್ದೀರಾ? ಅದು ಗಾಯ ಅಲ್ಲ, ಗುರುತು. ಆ ನಾಯಿಗೆ ಆಪರೇಷನ್ ಆಗಿದೆ ಅಂತ ಅರ್ಥ.

ನಾವು ಏನು ಮಾಡಬೇಕು?

ನಾಯಿ ಕಚ್ಚಿದರೆ, ಪರಚಿದರೆ ಕೂಡಲೇ ಗಾಯವನ್ನು ಸೋಪು ಹಚ್ಚಿ, ಸುರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರ, ಅರಿಶಿನ ಹಚ್ಚಬೇಡಿ. ಮಂತ್ರ, ತಾಯಿತ ಅಂತ ದಿನ ಕಳೀಬೇಡಿ. ಅವತ್ತೇ ಸರ್ಕಾರಿ ದವಾಖಾನೆಗೆ ಹೋಗಿ. ಲಸಿಕೆ ಅಲ್ಲಿ ಬಿಟ್ಟಿ. ಹೊಟ್ಟೆ ಸುತ್ತ 14 ಸೂಜಿ ಅಂತ ಹೆದರಬೇಡಿ. ಅದು ಹಳೇ ಕಾಲದ ಮಾತು. ಈಗ ತೋಳಿಗೆ ಹಾಕ್ತಾರೆ. ಮೊದಲ ಸೂಜಿಯ ಮೇಲೆ 3ನೇ ದಿನ, 7ನೇ ದಿನ, 28ನೇ ದಿನ ಮತ್ತೆ ಹಾಕ್ತಾರೆ. ಕೆಲವು ಕಡೆ ಒಂದು ಸೂಜಿ ಹೆಚ್ಚು ಇರುತ್ತೆ. ರಕ್ತ ಬಂದ ಗಾಯವಾದರೆ ಗಾಯದೊಳಗೇ ಹಾಕುವ ಇನ್ನೊಂದು ಔಷಧವೂ ಬೇಕು. ಡಾಕ್ಟರನ್ನು ಕೇಳಿ.

ಹಸು, ಎಮ್ಮೆಗೂ ಹುಚ್ಚುನಾಯಿ ಕಚ್ಚಿದರೆ ಈ ರೋಗ ಬರುತ್ತೆ. ಅದು ಜೊಲ್ಲು ಸುರಿಸುತ್ತೆ, ನುಂಗಲು ಕಷ್ಟಪಡುತ್ತೆ. ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ನಾವು ಬಾಯಿಗೆ ಕೈ ಹಾಕ್ತೀವಿ. ಹಾಗೆ ಮಾಡಬೇಡಿ! ಮೊದಲು ಪಶು ಡಾಕ್ಟರನ್ನು ಕರೆಯಿರಿ. ತೆಲಂಗಾಣದಲ್ಲೂ ಕರ್ನಾಟಕದಲ್ಲೂ ಸಂಚಾರಿ ಪಶು ದವಾಖಾನೆಯ ಫೋನ್ ನಂಬರು 1962.

ಗಾಯವಾದ ನಾಯಿಯನ್ನು ಬರಿಗೈಯಲ್ಲಿ ಎತ್ತಬೇಡಿ. ನೋವಿನಲ್ಲಿ ಸಾಕಿದ ನಾಯಿಯೂ ಕಚ್ಚುತ್ತೆ. ದಪ್ಪ ಕಂಬಳಿ ಹೊದಿಸಿ, ಹಲಗೆಯ ಮೇಲೆ ಎಳೆದುಕೊಳ್ಳಿ. ಬೇಸಿಗೆಯಲ್ಲಿ ಬಾಗಿಲ ಮುಂದೆ ಒಂದು ಬೋಗುಣಿ ನೀರು ಇಡಿ. ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಬೇಡಿ.

ಒಂದು ಮಾತು ನೆನಪಿಡಿ. ಲಸಿಕೆ ಕಾರ್ಡಿನ ಮೇಲೆ ಮುಂದಿನ ಸೂಜಿಯ ತಾರೀಖು ಬರೆದಿರ್ತಾರೆ. ಮೊದಲು ಅದನ್ನು ಓದಲು ಬೇರೆಯವರನ್ನು ಕೇಳ್ತಿದ್ದೆವು. ತಾರೀಖು ತಪ್ಪಿ ಹೋಗ್ತಿತ್ತು. ಈಗ ನಿಮಗೆ ಓದು ಬರುತ್ತೆ. ಕಾರ್ಡು ತೆಗೆದು ನೀವೇ ಓದಿ. ಪಕ್ಕದ ಮನೆಯವರಿಗೂ ಓದಿ ಹೇಳಿ.

ಕೂಡಿ ಮಾತಾಡಿ:
1. ನಿಮ್ಮ ಓಣಿಯಲ್ಲಿ ಎಷ್ಟು ನಾಯಿಗಳಿವೆ? ಎಷ್ಟಕ್ಕೆ ಕಿವಿಯ ಗುರುತು ಇದೆ?
2. ನಾಯಿ ಕಚ್ಚಿದರೆ ಮೊದಲು ಏನು ಮಾಡಬೇಕು?
3. ನಿಮ್ಮ ಮನೆಯ ನಾಯಿಗೆ ಲಸಿಕೆ ಹಾಕಿಸಿದ್ದೀರಾ? ಯಾವ ತಾರೀಖಿಗೆ? ಬರೆಯಿರಿ.