ಮೇಳ ಎದ್ದ ಮೇಲೆ ಉಳಿಯುವುದೇನು?

ಪ್ರಶ್ನೆ: ಜಗತ್ತಿನ ದೊಡ್ಡ ವಸ್ತುಪ್ರದರ್ಶನಗಳು ಮುಗಿದ ಮೇಲೆ ಆ ಕಟ್ಟಡಗಳು ಏನಾಗುತ್ತವೆ? ನಮ್ಮ ಕಡೆ ಅದರ ಗುರುತು ಇದೆಯೇ? — ಓದುಗರು, ಬೈಂದೂರು

ಉತ್ತರ: ಹೆಚ್ಚಿನವು ಉಳಿಯುವುದಿಲ್ಲ, ಉಳಿಯಲೆಂದು ಕಟ್ಟಿದ್ದೂ ಅಲ್ಲ. ಸಾಲಿಗ್ರಾಮ ಯಕ್ಷಗಾನ ಮೇಳದ ಡೇರೆಯ ಆಟ ನೋಡಿದವರಿಗೆ ಇದು ಬೇಗ ಅರ್ಥವಾದೀತು: ಆಟ ಮುಗಿದರೆ ಡೇರೆ ಬಿಚ್ಚಿ ಲಾರಿ ಹತ್ತುತ್ತದೆ, ಕಟ್ಟುವ ಕಸುಬು ಮಾತ್ರ ಮುಂದಿನ ಊರಿಗೆ ಹೋಗುತ್ತದೆ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಎದ್ದ ಕ್ರಿಸ್ಟಲ್ ಪ್ಯಾಲೇಸ್ ಅಂಥದೇ. ತೋಟಗಾರಿಕೆಯಲ್ಲಿ ಪಳಗಿದ್ದ ಜೋಸೆಫ್ ಪ್ಯಾಕ್ಸ್‌ಟನ್, ಕಾರ್ಖಾನೆಯಲ್ಲಿ ಒಂದೇ ಅಳತೆಗೆ ತಯಾರಾದ ಕಬ್ಬಿಣ, ಗಾಜುಗಳನ್ನು ಜೋಡಿಸಿ ನಿಲ್ಲಿಸಿದ. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಸಿಡೆನ್‌ಹ್ಯಾಮ್‌ನಲ್ಲಿ ಇನ್ನೂ ದೊಡ್ಡದಾಗಿ ಕಟ್ಟಿದರು. 1936ರ ನವೆಂಬರ್ 30ರಂದು ಅದು ಸುಟ್ಟುಹೋಯಿತು. ಆದರೆ ಅದರ ಮಾದರಿಯ ಗಾಜಿನ ಮನೆಗೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ 1889ರ ನವೆಂಬರ್ 30ರಂದೇ (ತಾರೀಖಿನ ಕಾಕತಾಳೀಯ ನೋಡಿ!) ಅಡಿಗಲ್ಲು ಬಿದ್ದಿತ್ತು. ತಾಯಿ ಇಲ್ಲ, ಮಗಳಲ್ಲಿ ಇಂದಿಗೂ ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಹಾಗಾಗಿ ಈ ಮೇಳಗಳ ನಿಜವಾದ ಆಸ್ತಿ ಕಟ್ಟಡವಲ್ಲ, ಕಟ್ಟುವ ಕ್ರಮ ಎನ್ನುತ್ತೇನೆ.

ಐಫೆಲ್ ಗೋಪುರ ನಿಂತೇ ಇದೆಯಲ್ಲ ಎಂದು ಕೇಳಬಹುದು. 1889ರ ಪ್ಯಾರಿಸ್ ಪ್ರದರ್ಶನಕ್ಕೆ ಎದ್ದ ಅದಕ್ಕೂ ಕೊಟ್ಟ ಅವಧಿ 20 ವರ್ಷ; ನಿಸ್ತಂತು ಸಂದೇಶಕ್ಕೆ ಎತ್ತರದ ಕಂಬವಾಗಿ ಒದಗಿದ್ದರಿಂದ ಬದುಕಿತು. ಅಂದ ಕಂಡು ಬಿಟ್ಟದ್ದಲ್ಲ, ಕೆಲಸಕ್ಕೆ ಬಂತೆಂದು ಬಿಟ್ಟದ್ದು. ಲಾಲ್‌ಬಾಗಿನದು ಬರೀ ನಕಲು ಎನ್ನುವವರೂ ಇದ್ದಾರೆ. ಇರಲಿ, ಮೂಲ ಬೂದಿಯಾದ ಮೇಲೆ ನಕಲಿನ ಬೆಲೆ ಬೇರೆ.