ಮನೆಯ ಪರದೆ, ದೂರದ ಯಂತ್ರ: ವಿಶ್ವವಿದ್ಯಾಲಯದ ರಿಮೋಟ್ ಲ್ಯಾಬ್ ಕೆಲಸ ಮಾಡುವ ಬಗೆ

ಒಂದು ಕಡೆ ಇರುವ ಕಂಪ್ಯೂಟರನ್ನು ಇನ್ನೊಂದು ಕಡೆ ಕೂತು ನಡೆಸುವ ಏರ್ಪಾಡಿಗೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿರುವ ಯಂತ್ರ ಅಲ್ಲಿಯೇ ಇರುತ್ತದೆ. ಅದರ ಪ್ರೊಸೆಸರ್, ಮೆಮೊರಿ, ಡಿಸ್ಕ್, ಅದರೊಳಗಿನ ತಂತ್ರಾಂಶ ಯಾವುದೂ ಕದಲುವುದಿಲ್ಲ. ವಿದ್ಯಾರ್ಥಿಯ ಮನೆಯಿಂದ ಅತ್ತ ಹೋಗುವುದು ಕೀಲಿ ಒತ್ತಿದ, ಮೌಸ್ ಸರಿಸಿದ ಸುದ್ದಿ. ಅತ್ತಲಿಂದ ಇತ್ತ ಬರುವುದು ಆ ಯಂತ್ರದ ಪರದೆಯ ಚಿತ್ರ, ಜೊತೆಗೆ ಒಂದಿಷ್ಟು ಸದ್ದು. ಇಷ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಹೊಸಬರನ್ನು ಕಾಡುವ ತೊಡಕುಗಳೆಲ್ಲ ಬಿಡಿಸಿಕೊಳ್ಳುತ್ತವೆ: ಉಳಿಸಿದ ಫೈಲು ಎಲ್ಲಿ ಹೋಯಿತು, ಅಕ್ಷರ ಏಕೆ ತಡವಾಗಿ ಮೂಡುತ್ತದೆ, ಕಿಟಕಿ ಮುಚ್ಚಿದ ಮೇಲೂ ಲೆಕ್ಕ ಏಕೆ ನಡೆದೇ ಇದೆ.

ಲ್ಯಾಬನ್ನು ಹೀಗೆ ದೂರದವರಿಗೆ ತೆರೆದಿಡಲು ಮುಖ್ಯ ಕಾರಣ ತಂತ್ರಾಂಶದ ಪರವಾನಗಿ. ಎಂಜಿನಿಯರಿಂಗ್, ಭೂಗೋಳ, ಸಂಖ್ಯಾಶಾಸ್ತ್ರ ವಿಭಾಗಗಳು ಬಳಸುವ ತಂತ್ರಾಂಶಗಳು ದುಬಾರಿ. ಇಂತಿಷ್ಟು ಯಂತ್ರಗಳಿಗೆ, ಇಲ್ಲವೇ ಒಮ್ಮೆಗೆ ಇಂತಿಷ್ಟು ಮಂದಿಗೆ ಎಂದು ಲೆಕ್ಕ ಹಾಕಿ ವಿಶ್ವವಿದ್ಯಾಲಯ ಅವುಗಳನ್ನು ಕೊಂಡಿರುತ್ತದೆ. ಸಾಲಿಡ್‌ವರ್ಕ್ಸ್, ಆರ್ಕ್‌ಜಿಐಎಸ್ ಪ್ರೊದಂಥವು ವಿಂಡೋಸ್‌ನಲ್ಲಿ ಮಾತ್ರ ಓಡುವುದರಿಂದ ಮ್ಯಾಕ್ ಕೊಂಡ ವಿದ್ಯಾರ್ಥಿಗೆ ಸುಲಭವಾದ ಬೇರೆ ದಾರಿಯೂ ಇಲ್ಲ. ಇನ್ನೊಂದು ಕಾರಣ ಯಂತ್ರದ ಶಕ್ತಿ. ದೊಡ್ಡ ಸೇತುವೆಯ ಮೇಲಿನ ಒತ್ತಡದ ಲೆಕ್ಕವನ್ನು 4 ಜಿಬಿ ಮೆಮೊರಿಯ ಹಳೆಯ ಲ್ಯಾಪ್‌ಟಾಪಿಗೆ ಕೊಟ್ಟರೆ ಅದು ಏದುಸಿರು ಬಿಡುತ್ತದೆ. ಅದೇ ಲ್ಯಾಪ್‌ಟಾಪ್ ದೂರದ ಯಂತ್ರದ ಚಿತ್ರವನ್ನಷ್ಟೇ ತೋರಿಸಬೇಕಾದಾಗ ಸಲೀಸಾಗಿ ತೋರಿಸುತ್ತದೆ. ದುಬಾರಿ ಯಂತ್ರ ಕೊಳ್ಳಲಾಗದ ವಿದ್ಯಾರ್ಥಿಯೂ ತನ್ನ ಸಹಪಾಠಿಗಳಷ್ಟೇ ಬಲವಾದ ಯಂತ್ರದ ಮೇಲೆ ಕೆಲಸ ಮಾಡಬಲ್ಲ ಎಂಬುದು ಈ ಏರ್ಪಾಡಿನ ಅತಿ ದೊಡ್ಡ ಗುಣ.

ದೂರದಿಂದ ಗಣಕಯಂತ್ರ ನಡೆಸುವ ಕಲ್ಪನೆ ಗಣಕಯಂತ್ರದಷ್ಟೇ ಹಳೆಯದು. 1940ರ ಸೆಪ್ಟೆಂಬರ್ 11ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಗಣಿತಜ್ಞರ ಸಭೆ ಸೇರಿತ್ತು. ಬೆಲ್ ಲ್ಯಾಬ್ಸ್‌ನ ಜಾರ್ಜ್ ಸ್ಟಿಬಿಟ್ಜ್ ಸಭೆಗೆ ತಂದದ್ದು ಒಂದು ಟೆಲಿಪ್ರಿಂಟರ್ ಮಾತ್ರ. ಸಂಮಿಶ್ರ ಸಂಖ್ಯೆಗಳ ಲೆಕ್ಕ ಮಾಡುವ ಅವರ ಯಂತ್ರ ಸುಮಾರು 350 ಕಿಲೋಮೀಟರ್ ಆಚೆ ನ್ಯೂಯಾರ್ಕಿನಲ್ಲಿತ್ತು. ಇಲ್ಲಿ ಲೆಕ್ಕವನ್ನು ಟೈಪ್ ಮಾಡಿದರೆ ತಂತಿಯ ಮೂಲಕ ಅಲ್ಲಿಗೆ ಹೋಗಿ, ಉತ್ತರ ಇಲ್ಲಿ ಕಾಗದದ ಮೇಲೆ ಅಚ್ಚಾಗುತ್ತಿತ್ತು. ನೆರೆದವರಲ್ಲಿ ನಾರ್ಬರ್ಟ್ ವೀನರ್ ಇದ್ದರು. ಮುಂದೆ ಎನಿಯಾಕ್ ಗಣಕಯಂತ್ರ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಮಾಕ್ಲಿಯೂ ಇದ್ದರು. ಅದೇ ಡಾರ್ಟ್‌ಮತ್‌ನಲ್ಲಿ 1964ರ ಮೇ 1ರಂದು ಜಾನ್ ಕೆಮನಿ ಮತ್ತು ಥಾಮಸ್ ಕರ್ಟ್ಜ್ ಅವರ ಕಾಲಹಂಚಿಕೆಯ ವ್ಯವಸ್ಥೆ ಚಾಲೂ ಆಯಿತು. ಒಂದೇ ಯಂತ್ರವನ್ನು ಬೇರೆ ಬೇರೆ ಟರ್ಮಿನಲ್‌ಗಳಿಂದ ಹಲವು ವಿದ್ಯಾರ್ಥಿಗಳು ಏಕಕಾಲಕ್ಕೆ ಬಳಸುವುದು ಅಲ್ಲಿಂದ ರೂಢಿಯಾಯಿತು.

ಆಗ ತಂತಿಯಲ್ಲಿ ಸಾಗುತ್ತಿದ್ದುದು ಅಕ್ಷರ, ಅಂಕಿಗಳಷ್ಟೇ. ಪರದೆಯ ಮೇಲೆ ಕಿಟಕಿ, ಚಿತ್ರ, ಮೌಸ್ ಬಂದ ಮೇಲೆ ಸಮಸ್ಯೆ ಜಟಿಲವಾಯಿತು. ಎಂಐಟಿಯ ಅಥೇನಾ ಯೋಜನೆಯೊಳಗೆ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಇದಕ್ಕೆ ಒಂದು ಉತ್ತರ ಕೊಟ್ಟಿತು: ಚಿತ್ರವನ್ನು ಕಳಿಸಬೇಡ, ‘ಇಲ್ಲೊಂದು ಗೆರೆ ಎಳೆ, ಅಲ್ಲೊಂದು ಚೌಕ ಬಿಡಿಸು’ ಎಂಬ ಅಪ್ಪಣೆಯನ್ನು ಕಳಿಸು. ಇಂಗ್ಲೆಂಡಿನ ಕೇಂಬ್ರಿಜ್‌ನ ಸಂಶೋಧನಾಲಯವೊಂದರಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿಎನ್‌ಸಿ ಅದಕ್ಕೆ ತಿರುವುಮುರುವಾದ ದಾರಿ ಹಿಡಿದು, ಪರದೆಯ ಚುಕ್ಕೆಗಳನ್ನೇ ನೇರವಾಗಿ ಸಾಗಿಸಿತು. ಮೈಕ್ರೋಸಾಫ್ಟ್ 1998ರಲ್ಲಿ ವಿಂಡೋಸ್ ಎನ್‌ಟಿ 4.0ದ ಟರ್ಮಿನಲ್ ಸರ್ವರ್ ಆವೃತ್ತಿಯ ಜೊತೆ ತಂದ ಆರ್‌ಡಿಪಿ ಎಂಬ ನಿಯಮಾವಳಿ ಮೊದಲು ಅಪ್ಪಣೆಗಳನ್ನು ನೆಚ್ಚಿಕೊಂಡು, ಬರಬರುತ್ತ ಚಿತ್ರದ ಕಡೆಗೆ ವಾಲಿತು. ವಿಂಡೋಸ್ ಇರುವ ಲ್ಯಾಬುಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಇದೇ.

ಇಡೀ ಲ್ಯಾಬನ್ನು ಹೀಗೆ ದೂರದಿಂದ ಒದಗಿಸಿದವರಲ್ಲಿ ಮುಂಚೂಣಿಯದು ಅಮೆರಿಕದ ರಾಲಿ ನಗರದ ನಾರ್ತ್ ಕೆರೊಲೈನಾ ಸ್ಟೇಟ್ ವಿಶ್ವವಿದ್ಯಾಲಯ. ಅಲ್ಲಿನ ವರ್ಚುವಲ್ ಕಂಪ್ಯೂಟಿಂಗ್ ಲ್ಯಾಬ್ 2004ರಲ್ಲಿ ಆರಂಭವಾಯಿತು. ಅದರ ತಂತ್ರಾಂಶವನ್ನು ಮುಂದೆ ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಿದ್ದರಿಂದ ಬೇರೆ ಸಂಸ್ಥೆಗಳಿಗೂ ಅದು ಮುಕ್ತವಾಗಿ ಸಿಕ್ಕಿತು. ಅಲ್ಲಿ ವಿದ್ಯಾರ್ಥಿ ಮೊದಲು ತನಗೆ ಬೇಕಾದ ಪರಿಸರವನ್ನು ಆರಿಸಿ, ಹೊತ್ತು ಕಾದಿರಿಸುತ್ತಾನೆ. ಪರಿಸರವೆಂದರೆ ಆಪರೇಟಿಂಗ್ ಸಿಸ್ಟಮ್ ಮತ್ತು ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಒಟ್ಟಿಗೆ ಕಟ್ಟಿಟ್ಟ ಒಂದು ಮೂಲಪ್ರತಿ. ವ್ಯವಸ್ಥೆ ಬಿಡುವಾಗಿರುವ ಸರ್ವರನ್ನು ಹುಡುಕಿ ಆ ಪ್ರತಿಯನ್ನು ಅದಕ್ಕೆ ತುಂಬುತ್ತದೆ, ಆಮೇಲೆ ವಿಳಾಸವನ್ನೂ ಆ ಅವಧಿಗಷ್ಟೇ ಸಲ್ಲುವ ಪಾಸ್‌ವರ್ಡನ್ನೂ ಕೊಡುತ್ತದೆ. ಪ್ರತಿ ಮೊದಲೇ ತುಂಬಿದ್ದರೆ ಯಂತ್ರ ಕೂಡಲೇ ಸಿಗುತ್ತದೆ, ಇಲ್ಲದಿದ್ದರೆ ಕೆಲವು ನಿಮಿಷ ಕಾಯಬೇಕು. ರಜೆಯಲ್ಲಿ ವಿದ್ಯಾರ್ಥಿಗಳು ಕಡಿಮೆಯಾದಾಗ ಇದೇ ಸರ್ವರುಗಳನ್ನು ಸಂಶೋಧಕರ ಭಾರೀ ಲೆಕ್ಕಗಳಿಗೆ ಹಚ್ಚುವ ಜಾಣತನವೂ ಆ ವ್ಯವಸ್ಥೆಯಲ್ಲಿತ್ತು.

ಬೇರೆ ಕೆಲವು ಕಡೆ ಲ್ಯಾಬಿನ ಮೇಜಿನ ಮೇಲಿರುವ ಕಂಪ್ಯೂಟರುಗಳನ್ನೇ ದೂರದವರಿಗೆ ಕೊಡುತ್ತಾರೆ. ಯಾವ ಯಂತ್ರ ಖಾಲಿ ಇದೆ ಎಂದು ನೋಡಿ ಹಂಚಲು ಬ್ರೋಕರ್ ಎಂಬ ತಂತ್ರಾಂಶ ಇರುತ್ತದೆ. ಸಾಮಾನ್ಯ ವಿಂಡೋಸ್ ಒಂದು ಹೊತ್ತಿಗೆ ಒಬ್ಬರನ್ನೇ ಕೂರಿಸಿಕೊಳ್ಳುವುದರಿಂದ ದೂರದ ವಿದ್ಯಾರ್ಥಿ ಒಳಹೊಕ್ಕ ಕೂಡಲೇ ಅಲ್ಲಿನ ಪರದೆ ಬೀಗ ಹಾಕಿಕೊಳ್ಳುತ್ತದೆ. ಲ್ಯಾಬಿಗೆ ಬಂದವರಿಗೆ ಅವನ ಕೆಲಸ ಕಾಣುವುದಿಲ್ಲ. ಮಲಗಿರುವ ಯಂತ್ರವನ್ನು ಎಬ್ಬಿಸಲು ಜಾಲದ ಮೂಲಕ ಒಂದು ಪುಟ್ಟ ಸಂದೇಶ ಸಾಕು. ಎಲ್ಲ ಬಿಟ್‌ಗಳೂ 1 ಆಗಿರುವ 6 ಬೈಟ್‌ಗಳು, ಅದರ ಬೆನ್ನಿಗೆ ಆ ಯಂತ್ರದ ನೆಟ್‌ವರ್ಕ್ ಕಾರ್ಡಿನ ಸಂಖ್ಯೆ 16 ಸಲ, ಒಟ್ಟು 102 ಬೈಟ್. ಯಂತ್ರ ಮಲಗಿದ್ದರೂ ಅದರ ನೆಟ್‌ವರ್ಕ್ ಕಾರ್ಡು ಎಚ್ಚರವಿದ್ದು, ತನ್ನ ಹೆಸರನ್ನು ಹದಿನಾರು ಸಲ ಕೂಗಿದ್ದನ್ನು ಕೇಳಿ ಯಂತ್ರವನ್ನು ಏಳಿಸುತ್ತದೆ.

ಒಳಗೆ ಹೋಗಲು ಬಾಗಿಲಲ್ಲಿ ತಪಾಸಣೆ ಇದೆ. ಆರ್‌ಡಿಪಿ ಯಂತ್ರಗಳು ಸಾಮಾನ್ಯವಾಗಿ 3389 ಸಂಖ್ಯೆಯ ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರುತ್ತವೆ. ಈ ಪೋರ್ಟನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಬೀದಿಬಾಗಿಲನ್ನು ಹಾರುಹೊಡೆದು ಮಲಗಿದಂತೆ. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷ ಹಳೆಯ ವಿಂಡೋಸ್ ಯಂತ್ರಗಳೊಳಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಲು ದಾರಿ ಮಾಡಿಕೊಡುವಂತಿತ್ತು. ಬೆಂಬಲ ನಿಲ್ಲಿಸಿ ಐದು ವರ್ಷ ಕಳೆದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಹೊರಡಿಸಿತು ಎಂದರೆ ಗಂಡಾಂತರದ ಗಾತ್ರ ಊಹಿಸಬಹುದು. ಆದ್ದರಿಂದ ಲ್ಯಾಬಿನ ಯಂತ್ರಗಳು ಕ್ಯಾಂಪಸ್ಸಿನ ಒಳಜಾಲದ ಹಿಂದೆ ಅಡಗಿರುತ್ತವೆ. ವಿದ್ಯಾರ್ಥಿ ಮೊದಲು ವಿಪಿಎನ್ ಮೂಲಕ ಒಳಜಾಲಕ್ಕೆ ಸೇರಿಕೊಳ್ಳಬೇಕು, ಇಲ್ಲವೇ ಗೇಟ್‌ವೇ ಎಂಬ ಕಾವಲು ಸರ್ವರಿನ ಮೂಲಕ ಹೋಗಬೇಕು. ಸಂಕೇತಭಾಷೆಗೆ ತಿರುಗಿಸಿದ ಮಾತುಕತೆ ಮಾತ್ರ ಈ ಬಾಗಿಲಿನಾಚೆ ದಾಟುತ್ತದೆ. ಮೊಬೈಲಿಗೆ ಬರುವ ಎರಡನೆಯ ದೃಢೀಕರಣ ಕಿರಿಕಿರಿ ಎನಿಸಬಹುದು; ಕದ್ದ ಪಾಸ್‌ವರ್ಡೊಂದರಿಂದ ಇಡೀ ಲ್ಯಾಬ್ ಕೈತಪ್ಪದಂತೆ ತಡೆಯುವುದು ಅದೇ.

ಒಳಹೊಕ್ಕ ಮೇಲೆ ಕೀಲಿಮಣೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದು ಕನ್ನಡ ಟೈಪಿಸುವವರಿಗೆ ವಿಶೇಷವಾಗಿ ತಿಳಿದಿರಬೇಕಾದ ಸಂಗತಿ. ಆರ್‌ಡಿಪಿಯಲ್ಲಿ ಸಾಮಾನ್ಯವಾಗಿ ಸಾಗುವುದು ಕೀಲಿ ಇರುವ ಜಾಗದ ಸಂಖ್ಯೆ, ಅಕ್ಷರವಲ್ಲ. ‘ಕೆ’ ಕೀಲಿಯ ಸಂಖ್ಯೆ 37. ಅದನ್ನು ಒತ್ತಿದಾಗ ‘37 ಒತ್ತಿದೆ’ ಎಂದು ಒಂದು ಸುದ್ದಿ, ಬೆರಳೆತ್ತಿದಾಗ ‘37 ಬಿಟ್ಟಿದೆ’ ಎಂದು ಇನ್ನೊಂದು. ಅದು ಇಂಗ್ಲಿಷಿನ ಅಕ್ಷರವೋ ಕನ್ನಡದ ‘ಕ’ವೋ ಎಂದು ತೀರ್ಮಾನಿಸುವುದು ದೂರದ ಯಂತ್ರದ ಕೀಲಿಮಣೆ ವಿನ್ಯಾಸ. ಮನೆಯ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ ಹಾಕಿಕೊಂಡಿದ್ದರೂ ಲ್ಯಾಬಿನಲ್ಲಿ ಅದು ಇರುವುದಿಲ್ಲ. ವಿಂಡೋಸ್‌ನ ಜೊತೆಗೇ ಬರುವ ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಅಲ್ಲಿ ಸೇರಿಸಿಕೊಳ್ಳುವುದು ಸುಲಭದ ದಾರಿ. ಕೆಲವು ಕೀಲಿಗಳನ್ನಂತೂ ಮನೆಯ ಯಂತ್ರ ದಾಟಗೊಡುವುದೇ ಇಲ್ಲ: ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿದರೆ ಅದು ತನಗೇ ಎಂದುಕೊಳ್ಳುತ್ತದೆ. ಅದಕ್ಕಾಗಿ ಆರ್‌ಡಿಪಿಯಲ್ಲಿ ಡಿಲೀಟ್ ಬದಲು ಎಂಡ್ ಕೀಲಿ ಬಳಸಬೇಕು.

ಎಲ್ಲಕ್ಕಿಂತ ಕಷ್ಟದ ಕೆಲಸ ಚಿತ್ರ ತರುವುದು. 1920 ಅಡ್ಡ, 1080 ಉದ್ದದ ಪರದೆಯಲ್ಲಿ 20,73,600 ಚುಕ್ಕೆಗಳಿವೆ. ಒಂದೊಂದರ ಬಣ್ಣಕ್ಕೆ 3 ಬೈಟ್ ಹಿಡಿದರೆ ಒಂದು ಚಿತ್ರಕ್ಕೆ ಸುಮಾರು 62 ಲಕ್ಷ ಬೈಟ್. ಸೆಕೆಂಡಿಗೆ 60 ಚಿತ್ರ ಕಳಿಸುವುದಾದರೆ ಹತ್ತಿರ ಹತ್ತಿರ 300 ಕೋಟಿ ಬಿಟ್ ಸಾಗಬೇಕು. ಮನೆಯ 50 ಎಂಬಿಪಿಎಸ್ ಬ್ರಾಡ್‌ಬ್ಯಾಂಡಿನಲ್ಲಿ ಹಿಡಿಸುವುದು ಅದರ ಅರವತ್ತರಲ್ಲಿ ಒಂದು ಪಾಲು. ಆದರೂ ಪಾಠ ಬರೆಯುವಾಗ ಪರದೆ ಸರಾಗವಾಗಿಯೇ ಓಡುತ್ತದೆ, ಏಕೆಂದರೆ ಬದಲಾಗದ ಭಾಗವನ್ನು ಯಾರೂ ಕಳಿಸುವುದಿಲ್ಲ. ಒಂದು ಅಕ್ಷರ ಮೂಡಿದರೆ ಆ ಅಕ್ಷರದ ಸುತ್ತಲಿನ ಪುಟ್ಟ ಆಯತ ಮಾತ್ರ ಬರುತ್ತದೆ. ಪುಟವನ್ನು ಮೇಲಕ್ಕೆ ಸರಿಸಿದಾಗ ‘ಈ ತುಂಡನ್ನು ಇಷ್ಟು ಮೇಲಿಡು’ ಎಂಬ ಅಪ್ಪಣೆಯೂ, ಕೆಳಗೆ ಹೊಸದಾಗಿ ಕಂಡ ಪಟ್ಟಿಯೂ ಬಂದರೆ ಸಾಕು. ಒಮ್ಮೆ ಬಂದ ಐಕಾನ್, ಅಕ್ಷರರೂಪಗಳನ್ನು ಮನೆಯ ಯಂತ್ರ ಜೋಪಾನವಾಗಿಟ್ಟುಕೊಂಡು, ಮತ್ತೆ ಬೇಕಾದಾಗ ತನ್ನ ಉಗ್ರಾಣದಿಂದಲೇ ತೆಗೆಯುತ್ತದೆ. ಜಾಲ ಬಿಗಿಯಾದಾಗ ಮೊದಲು ಮಸುಕು ಚಿತ್ರ ಬಂದು, ಅರೆಕ್ಷಣದಲ್ಲಿ ಅದು ತಿಳಿಯಾಗುವುದನ್ನು ಗಮನಿಸಿದರೆ ಈ ಉಳಿತಾಯದ ಲೆಕ್ಕಾಚಾರ ಕಣ್ಣಿಗೇ ಕಾಣುತ್ತದೆ. ವಿಡಿಯೊ ಮತ್ತು ತಿರುಗುವ ಮೂರು ಆಯಾಮದ ಮಾದರಿಗಳಲ್ಲಿ ಮಾತ್ರ ಈ ಉಪಾಯಗಳು ಸೋಲುತ್ತವೆ: ಅಲ್ಲಿ ಪ್ರತಿ ಕ್ಷಣವೂ ಇಡೀ ಕಿಟಕಿ ಬದಲಾಗುತ್ತದೆ. ಅಂಥ ಕಡೆ ಸಿನಿಮಾ ಸಾಗಿಸಲು ಬಳಸುವ ಎಚ್.264ರಂಥ ಸಂಕೋಚನ ವಿಧಾನವನ್ನೇ ಹೊಸ ಆರ್‌ಡಿಪಿ ಎರವಲು ಪಡೆಯುತ್ತದೆ.

ಬ್ರಾಡ್‌ಬ್ಯಾಂಡಿನ ವೇಗ ಹೆಚ್ಚಿಸಿದರೂ ಹೋಗದ ಒಂದು ತಡವಿದೆ. ಕೀಲಿ ಒತ್ತಿದ ಸುದ್ದಿ ಹೋಗಿ ಚಿತ್ರ ಮರಳುವ ಹೊತ್ತು ಅದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ರಾಲಿಗೆ ಭೂಮಿಯ ಮೈಮೇಲೆ ನೇರ ಅಳೆದರೆ 14,000 ಕಿಲೋಮೀಟರ್. ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್. ಕಡಲಡಿಯ ಕೇಬಲ್ ನೇರ ದಾರಿಯಲ್ಲಿ ಹೋಗುವುದಿಲ್ಲ, ನಡುವೆ ರೌಟರುಗಳೂ ಇವೆ. ಹಾಗಾಗಿ ನಿಜವಾದ ತಡ 200 ಮಿಲಿಸೆಕೆಂಡನ್ನು ಸುಲಭವಾಗಿ ಮೀರುತ್ತದೆ. ಸುಮಾರು 100 ಮಿಲಿಸೆಕೆಂಡಿನೊಳಗೆ ಉತ್ತರ ಬಂದರೆ ಮನುಷ್ಯನಿಗೆ ಅದು ಆ ಕ್ಷಣದ್ದೇ ಅನಿಸುತ್ತದೆ, ಅದನ್ನು ದಾಟಿದರೆ ತಡವರಿಕೆ ಅರಿವಿಗೆ ಬರುತ್ತದೆ. ಕ್ಯಾಂಪಸ್ಸಿನ ಪಕ್ಕದ ಬೀದಿಯಲ್ಲಿರುವವರಿಗೆ ಈ ತೊಂದರೆಯೇ ಗೊತ್ತಾಗುವುದಿಲ್ಲ. 2020ರಲ್ಲಿ ಕ್ಯಾಂಪಸ್ಸುಗಳು ಮುಚ್ಚಿ, ಹೊರದೇಶದ ಪಾಠವನ್ನು ಕರ್ನಾಟಕದ ಮನೆಗಳಿಂದ ಮುಂದುವರಿಸಬೇಕಾದವರಿಗೆ ಅದು ಬೆರಳ ತುದಿಯಲ್ಲೇ ಗೊತ್ತಾಯಿತು. ಅವರಿಗಿದ್ದ ಒಂದು ಅನುಕೂಲವೆಂದರೆ ಹೊತ್ತಿನ ವ್ಯತ್ಯಾಸ: ಇಲ್ಲಿ ಬೆಳಗಿನ ಹತ್ತು ಗಂಟೆಗೆ ರಾಲಿಯಲ್ಲಿ ನಡುರಾತ್ರಿ, ಯಂತ್ರಗಳು ಖಾಲಿ. ಅದೇ ಹೊತ್ತಿಗೆ ಅಲ್ಲಿ ದುರಸ್ತಿ ಕೆಲಸಗಳನ್ನೂ ಇಟ್ಟುಕೊಳ್ಳುವುದುಂಟು.

ತಡವನ್ನು ಮರೆಮಾಚಲು ಎಂಜಿನಿಯರುಗಳು ಮಾಡಿರುವ ಒಂದು ಉಪಾಯ ಬಲು ಚೆಂದದ್ದು. ಮೌಸಿನ ಬಾಣವನ್ನು ದೂರದ ಯಂತ್ರ ಬಿಡಿಸುವುದಿಲ್ಲ. ಅದರ ಆಕಾರವನ್ನಷ್ಟೇ ತಿಳಿಸುತ್ತದೆ, ಬಿಡಿಸುವುದು ಮನೆಯ ಯಂತ್ರ. ಬಾಣ ಕೈಯ ಜೊತೆಗೇ ಓಡುತ್ತದೆ, ತಡವಾಗುವುದು ಕ್ಲಿಕ್ಕಿಗೆ ಬರುವ ಉತ್ತರ ಮಾತ್ರ. 2012ರ ನಂತರದ ಆರ್‌ಡಿಪಿ, ಕಳೆದುಹೋದ ತುಣುಕಿಗಾಗಿ ಎಲ್ಲವನ್ನೂ ತಡೆದು ನಿಲ್ಲಿಸದ ಯುಡಿಪಿ ಸಾಗಣೆಯನ್ನೂ ಬಳಸಬಲ್ಲದು. ವಿದ್ಯಾರ್ಥಿಯ ಕೈಲಾಗುವುದೂ ಇದೆ. ಗೋಡೆಯಾಚೆಯ ವೈಫೈ ಬಿಟ್ಟು ರೌಟರಿಗೆ ತಂತಿ ಹಾಕುವುದು, ಪರದೆಯ ಅಳತೆ ಮತ್ತು ಬಣ್ಣದ ಗುಣಮಟ್ಟ ಕೊಂಚ ಇಳಿಸುವುದು, ದೂರದ ಯಂತ್ರದ ಬ್ರೌಸರಿನಲ್ಲಿ ವಿಡಿಯೊ ನೋಡದಿರುವುದು.

ಇನ್ನು ಫೈಲುಗಳು. ದೂರದ ಕಿಟಕಿಯೊಳಗೆ ‘ಸಿ’ ಡ್ರೈವ್ ಎಂದರೆ ಲ್ಯಾಬಿನ ಯಂತ್ರದ್ದು. ಅಲ್ಲಿನ ಬ್ರೌಸರಿನಿಂದ ಇಳಿಸಿಕೊಂಡದ್ದೂ ಅಲ್ಲಿಗೇ ಇಳಿಯುತ್ತದೆ. ಅನೇಕ ಲ್ಯಾಬುಗಳಲ್ಲಿ ಮರುಚಾಲನೆಯಾದ ಕೂಡಲೇ ಡಿಸ್ಕ್ ಮೊದಲಿನ ಸ್ಥಿತಿಗೆ ಮರಳುವ ತಂತ್ರಾಂಶ ಇರುವುದರಿಂದ ಅಲ್ಲಿ ಬಿಟ್ಟ ಪ್ರಾಜೆಕ್ಟ್ ವರದಿ ಮರುದಿನ ಇರುವುದಿಲ್ಲ, ಹುಡುಕಿಕೊಡಲು ಯಾರಿಂದಲೂ ಆಗುವುದಿಲ್ಲ. ವಿಶ್ವವಿದ್ಯಾಲಯದ ಜಾಲದ ಡ್ರೈವ್ ಅಥವಾ ಕ್ಲೌಡ್ ಖಾತೆಯಲ್ಲಿ ಉಳಿಸುವುದೇ ಕ್ಷೇಮ. ಮನೆಯ ಡ್ರೈವನ್ನು ದೂರದ ಕಿಟಕಿಯೊಳಗೆ ತೋರಿಸಿಕೊಳ್ಳುವ ಸೌಲಭ್ಯ ಆರ್‌ಡಿಪಿಯಲ್ಲಿದೆ. ಭದ್ರತೆಯ ಕಾರಣಕ್ಕೆ ಕೆಲವು ಸಂಸ್ಥೆಗಳು ಅದನ್ನು ಮುಚ್ಚಿರುತ್ತವೆ. ಪ್ರಿಂಟ್ ಒತ್ತುವ ಮುನ್ನ ಪ್ರಿಂಟರಿನ ಹೆಸರು ನೋಡಬೇಕು, ಇಲ್ಲವಾದರೆ ಹಾಳೆ ಖಾಲಿ ಲ್ಯಾಬಿನಲ್ಲಿ ಹೊರಬೀಳುತ್ತದೆ.

ಕೊನೆಯದು ಹೊರಬರುವ ಕ್ರಮ. ಕಿಟಕಿಯ ಮೂಲೆಯ ಗುಣಾಕಾರದ ಗುರುತು ಒತ್ತಿದರೆ ಚಿತ್ರ ಬರುವುದು ನಿಲ್ಲುತ್ತದೆ, ಕೆಲಸ ನಿಲ್ಲುವುದಿಲ್ಲ. ತೆರೆದ ತಂತ್ರಾಂಶಗಳು ಅಲ್ಲಿ ಹಾಗೆಯೇ ಓಡುತ್ತಿರುತ್ತವೆ. ಕರೆಂಟು ಹೋಗಿ ಸಂಪರ್ಕ ಕಡಿದಾಗ ಇದು ವರ: ಮತ್ತೆ ಸೇರಿದರೆ ವಾಕ್ಯ ನಿಂತಲ್ಲೇ ಇರುತ್ತದೆ. ರಾತ್ರಿಯಿಡೀ ನಡೆಯಬೇಕಾದ ಲೆಕ್ಕವನ್ನು ಹಚ್ಚಿಟ್ಟು ಮಲಗಲೂಬಹುದು, ಲ್ಯಾಬಿನ ನಿಯಮ ಒಪ್ಪಿದರೆ. ಕೆಲಸ ಮುಗಿದ ಮೇಲೂ ಹಾಗೆ ಬಿಟ್ಟರೆ ಆ ಯಂತ್ರವೂ ಅದು ಹಿಡಿದುಕೊಂಡ ತಂತ್ರಾಂಶದ ಪರವಾನಗಿಯೂ ಇನ್ನೊಬ್ಬರಿಗೆ ಸಿಗುವುದಿಲ್ಲ. ದೂರದ ಯಂತ್ರದ ಸ್ಟಾರ್ಟ್ ಮೆನುವಿನಿಂದಲೇ ಸೈನ್ ಔಟ್ ಮಾಡಿದಾಗ ಮಾತ್ರ ತಂತ್ರಾಂಶಗಳು ಮುಚ್ಚಿ, ಪರವಾನಗಿ ಹಿಂತಿರುಗಿ, ಬ್ರೋಕರಿನ ಪಟ್ಟಿಯಲ್ಲಿ ಆ ಯಂತ್ರ ಮತ್ತೆ ಖಾಲಿ ಎಂದು ದಾಖಲಾಗುತ್ತದೆ.