ಪೆಟ್ಟು ತಿನ್ನದ ನಾಯಿಯೂ ಹೆದರುವುದೇಕೆ?

ತುಲಾ ಮಾಸದ ಮಧ್ಯಾಹ್ನ. ಪೆರ್ಲದ ಮೂಡುದಿಕ್ಕಿನಲ್ಲಿ ಮೋಡ ಕಪ್ಪುಗಟ್ಟುತ್ತದೆ. ಗುಡುಗು ಇನ್ನೂ ಶುರುವಾಗಿಲ್ಲ. ಅಂಗಳದ ನಾಯಿ ಆಗಲೇ ಬಾಲ ಮುದುರಿ ಸೌದೆ ಕೊಟ್ಟಿಗೆಯ ಮೂಲೆ ಸೇರಿದೆ. ತೋಟಕ್ಕೆ ಹೊಸ ಕೆಲಸದವರು ಬಂದರೂ ಅದು ಹೀಗೆಯೇ ಅಡಗುತ್ತದೆ. ಕಂಡವರು ಹೇಳುವುದು ಒಂದೇ ಮಾತು: "ಎಲ್ಲೋ ಪೆಟ್ಟು ತಿಂದದ್ದು ಕಾಣ್ತದೆ." ಪೆಟ್ಟು ತಿಂದ ನಾಯಿ ಹೆದರುವುದು ನಿಜ. ಆದರೆ ಒಂದು ಏಟೂ ಬೀಳದೆ ಬೆಳೆದ ನಾಯಿಯೂ ಹೀಗೆ ನಡುಗಬಹುದು.

ಅಮೆರಿಕದ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಎಂಬ ವಿಜ್ಞಾನಿಗಳು 1961ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎತ್ತರದ ಬೇಲಿಯೊಳಗೆ ನಾಯಿಮರಿಗಳನ್ನು ತಾಯಿಯ ಜೊತೆ ಬೆಳೆಸಿದ್ದರು. ಆಹಾರಕ್ಕೆ ಕೊರತೆಯಿರಲಿಲ್ಲ, ಮನುಷ್ಯರ ಒಡನಾಟ ಮಾತ್ರ ಇರಲಿಲ್ಲ. ಕೆಲವು ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಹೊರತಂದು ಆಡಿಸಿದರು. ಅವು ಜನರಿಗೆ ಒಗ್ಗಿದವು. 14 ವಾರಗಳ ತನಕ ಮನುಷ್ಯರ ಕೈ ಸೋಕದ ಮರಿಗಳು ಕಾಡುಪ್ರಾಣಿಗಳಂತಾಗಿದ್ದವು. ಅವನ್ನು ಯಾರೂ ಹೊಡೆದಿರಲಿಲ್ಲ.

ಮೂರನೆಯ ವಾರದಿಂದ ಸುಮಾರು ಹನ್ನೆರಡು-ಹದಿನಾಲ್ಕನೆಯ ವಾರದವರೆಗೆ ಮರಿಯ ಮಿದುಳು ಲೋಕದಲ್ಲಿ ಯಾವುದು ಸಹಜ ಎಂದು ಕಲಿಯುತ್ತದೆ. ಆಗ ಕಾಣದೇ ಉಳಿದದ್ದು ಮುಂದೆ ಅಪಾಯದಂತೆ ತೋರಬಹುದು. ನಮ್ಮ ಕಡೆ ಒಂದೊಂದು ಮನೆಯೂ ತನ್ನ ಅಡಿಕೆ ತೋಟದ ನಡುವೆ ಒಂಟಿಯಾಗಿರುತ್ತದೆ. ಅಲ್ಲಿ ಸರಪಳಿಯಲ್ಲೇ ಬೆಳೆದ ಮರಿ ನಾಲ್ಕೈದು ಮುಖಗಳನ್ನಷ್ಟೇ ಕಂಡಿರುತ್ತದೆ. ಆ ಪ್ರಯೋಗದ ಬೇಲಿ ಇಲ್ಲಿ ತಾನಾಗಿಯೇ ಎದ್ದಿದೆ.

ಹುಟ್ಟುಗುಣದ ಪಾಲೂ ಇದೆ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಬೆಲ್ಯಾಯೆವ್ ಎಂಬ ವಿಜ್ಞಾನಿ 1959ರಿಂದ ಅಂಜಿಕೆ ಕಡಿಮೆಯಿದ್ದ ನರಿಗಳನ್ನೇ ಆರಿಸಿ ಮರಿ ಮಾಡಿಸುತ್ತ ಬಂದರು. ಕೆಲವೇ ತಲೆಮಾರುಗಳಲ್ಲಿ ಮನುಷ್ಯರನ್ನು ಕಂಡು ಬಾಲ ಅಲ್ಲಾಡಿಸುವ ನರಿಗಳು ಹುಟ್ಟಿದವು. ತಾಯಿ ಪುಕ್ಕಲಾಗಿದ್ದರೆ ಮರಿಯೂ ಹಾಗಾಗುವ ಸಂಭವ ಹೆಚ್ಚು.

ಶಬ್ದದ ಭಯ ಇನ್ನೊಂದು ಬಗೆ. ಫಿನ್‌ಲೆಂಡಿನಲ್ಲಿ ಸುಮಾರು 13,700 ಸಾಕುನಾಯಿಗಳ ಕುರಿತ 2020ರ ಅಧ್ಯಯನದಲ್ಲಿ ಶೇ. 32ರಷ್ಟು ನಾಯಿಗಳಿಗೆ ಶಬ್ದದ ಅಂಜಿಕೆಯಿತ್ತು. ಗರ್ನಾಲು, ಹಂದಿ ಓಡಿಸುವ ಪಟಾಕಿ, ಸಿಡಿಲು ಯಾವುದಾದರೂ ಒಮ್ಮೆ ಗಾಬರಿ ಹುಟ್ಟಿಸಿದರೆ ಅದರ ಮುನ್ಸೂಚನೆಗಳೂ ಮನಸ್ಸಿನಲ್ಲಿ ಕೂರುತ್ತವೆ. ಹಾಗಾಗಿಯೇ ಗಾಳಿ ಬೀಸಿ ಮೋಡ ಕವಿದೊಡನೆ ನಾಯಿ ಅಡಗುತ್ತದೆ. ಧೈರ್ಯದ ನಾಯಿ ನಡುವಯಸ್ಸಿನಲ್ಲಿ ಹಠಾತ್ತನೆ ಅಂಜತೊಡಗಿದರೆ ಕೀಲು, ಕಿವಿ, ಹಲ್ಲಿನಲ್ಲಿ ನೋವಿದೆಯೇ ಎಂದು ಪಶುವೈದ್ಯರಿಗೆ ತೋರಿಸಬೇಕು.

ಅಡಗಿದ ನಾಯಿಯನ್ನು ದರದರ ಎಳೆದು ತಂದರೆ ಭಯ ಇಮ್ಮಡಿಯಾಗುತ್ತದೆ. ಅದಕ್ಕೊಂದು ಮೂಲೆ ಬಿಟ್ಟುಕೊಡಿ. ಅದು ತಾನಾಗಿ ಹತ್ತಿರ ಬಂದರೆ ಮೈ ಸವರಿ. ಅದರಿಂದ ಭಯ ಹೆಚ್ಚುವುದಿಲ್ಲ. ಹೆದರಿಸುವ ವಸ್ತುವನ್ನು ದೂರದಲ್ಲೇ ತೋರಿಸಿ, ಜೊತೆಗೆ ಇಷ್ಟದ ತಿನಿಸು ಕೊಡಿ, ದಿನದಿನವೂ ಅಂತರ ಇಳಿಸುತ್ತ ಬನ್ನಿ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು 2017ರಲ್ಲಿ ತೋರಿಸಿದಂತೆ, ಬೀದಿನಾಯಿಗಳು ಅಪರಿಚಿತರನ್ನು ನಂಬುವುದಕ್ಕೆ ತಿನಿಸಿಗಿಂತ ಮತ್ತೆ ಮತ್ತೆ ಸಿಕ್ಕಿದ ಮೈಸವರಿಕೆಯೇ ಹೆಚ್ಚು ನೆರವಾಯಿತು.

ಹೊಸ ಮರಿ ತರುವವರು ಎಂಟು ವಾರ ಅದನ್ನು ತಾಯಿಯ ಬಳಿಯೇ ಬಿಡಿ. ಮನೆಗೆ ಬಂದ ಮೇಲೆ ಜಗಲಿಯಲ್ಲಿ ಮಡಿಲಲ್ಲಿ ಕೂರಿಸಿಕೊಳ್ಳಿ. ಮುಟ್ಟಾಳೆ ಇಟ್ಟವರು, ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಮಕ್ಕಳು, ಎಲ್ಲರನ್ನೂ ಅದು ನೋಡಲಿ. ಆ ಕೆಲವು ವಾರ ನಾವು ಕೊಟ್ಟ ಪರಿಚಯದ ಮೇಲೆಯೇ ಅದರ ಮುಂದಿನ ಹತ್ತು-ಹನ್ನೆರಡು ವರ್ಷದ ನೆಮ್ಮದಿ ನಿಂತಿದೆ.